ಬರ್ಡ್‌ನ ‘ಆವೆ ವೇರುಮ್ ಕೋರ್ಪುಸ್’: ಕಿವಿಯಿಂದ ಕಲಿತವರಿಗೆ ನಾಲ್ಕು ದನಿ ಕಲಿಸುವ ಬಗೆ

ಇಂಗ್ಲೆಂಡಿನ ಸಂಗೀತಕಾರ ವಿಲಿಯಂ ಬರ್ಡ್‌ನ ‘ಆವೆ ವೇರುಮ್ ಕೋರ್ಪುಸ್’ ಲ್ಯಾಟಿನ್ ಭಾಷೆಯ, ನಾಲ್ಕು ದನಿಯ ಭಕ್ತಿಕೃತಿ. ವಾದ್ಯ ಬೇಡ. ಹಾಡಲು ಸುಮಾರು ನಾಲ್ಕು ನಿಮಿಷ ಹಿಡಿಯುತ್ತದೆ, ಹನ್ನೆರಡು ಜನರಿದ್ದರೆ ತುಂಬಿ ಬರುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನದ ಕಡೆ ಚರ್ಚಿನಲ್ಲಿ ಹಾಡುವ ಗುಂಪುಗಳಲ್ಲಿ ಕೊಂಕಣಿ ಭಕ್ತಿಗೀತೆ ಹಾಡಿ ಬೆಳೆದವರು, ಒಂದಷ್ಟು ವರ್ಷ ಕರ್ನಾಟಕ ಸಂಗೀತದ ಪಾಠ ಆದವರು, ಕೀಬೋರ್ಡ್ ಕಲಿತ ಒಬ್ಬಿಬ್ಬರು ಬೆರೆತಿರುತ್ತಾರೆ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಸರಾಗವಾಗಿ ಓದುವವರು ಕಡಿಮೆ. ಅಂಥ ಗುಂಪು ರಿನೈಸಾನ್ಸ್ ಕಾಲದ, ಅಂದರೆ ಸುಮಾರು ಹದಿನೈದು-ಹದಿನಾರನೇ ಶತಮಾನದ ಯುರೋಪಿನ, ಗಾಯನಕ್ಕೆ ಕೈಹಾಕುವುದಾದರೆ ಈ ಕೃತಿಯಿಂದಲೇ ಶುರುಮಾಡಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಶ್ರುತಿ ಹಿಡಿಯುವ ಕಿವಿ, ಲ್ಯಾಟಿನ್ನಿಗೆ ಒಗ್ಗುವ ನಾಲಿಗೆ ಎರಡೂ ಅವರಲ್ಲಿ ಆಗಲೇ ಇವೆ. ಕಲಿಯಬೇಕಾದ್ದು ದನಿಯನ್ನು ಅಲುಗಿಸದೆ ನಿಲ್ಲಿಸುವುದು, ಪಕ್ಕದವರು ಬೇರೇನೋ ಹಾಡುತ್ತಿರುವಾಗ ತನ್ನ ಸ್ವರವನ್ನು ಕೈಬಿಡದಿರುವುದು. ಇಡೀ ಅಭ್ಯಾಸವನ್ನು ಈ ಎರಡರ ಸುತ್ತ ಕಟ್ಟಿಕೊಳ್ಳಿ.

ಬರ್ಡ್ ಹುಟ್ಟಿದ್ದು 1540ರ ಸುಮಾರಿಗೆ, ತೀರಿಕೊಂಡದ್ದು 1623ರಲ್ಲಿ. 1572ರಲ್ಲಿ ಲಂಡನ್ನಿನ ರಾಜಮನೆತನದ ಚಾಪೆಲ್ ರಾಯಲ್ ಸೇರಿ ಒಂದನೇ ಎಲಿಜಬೆತ್ ರಾಣಿಯ ಆಸ್ಥಾನ ಗಾಯಕನೂ ಆರ್ಗನ್ ವಾದಕನೂ ಆದ. 1575ರಲ್ಲಿ ಅವನಿಗೂ ಹಿರಿಯ ಸಂಗೀತಕಾರ ಥಾಮಸ್ ಟ್ಯಾಲಿಸ್‌ಗೂ ಸೇರಿ ಸಂಗೀತ ಮುದ್ರಿಸುವ ಏಕಸ್ವಾಮ್ಯವನ್ನು ರಾಣಿ ಕೊಟ್ಟಳು. ಇಷ್ಟೆಲ್ಲ ಆಸರೆಯಿದ್ದರೂ ಬರ್ಡ್ ಕ್ಯಾಥೊಲಿಕ್ಕನಾಗಿಯೇ ಉಳಿದ. ಆಗಿನ ಪ್ರೊಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪೂಜೆ ಕಾನೂನಿಗೆ ವಿರುದ್ಧ. ‘ಆವೆ ವೇರುಮ್’ ಅಚ್ಚಾದದ್ದು 1605ರಲ್ಲಿ, ಅವನ ‘ಗ್ರಾದುವಾಲಿಯಾ’ ಸಂಪುಟದಲ್ಲಿ. ಅದರಲ್ಲಿರುವುದು ಕ್ಯಾಥೊಲಿಕ್ ಪೂಜೆಗೆ ಬೇಕಾದ ಗೀತೆಗಳು. ಅವನ್ನು ಹಾಡುತ್ತಿದ್ದದ್ದು ಸಿರಿವಂತ ಕ್ಯಾಥೊಲಿಕ್ಕರ ಮನೆಗಳಲ್ಲಿ, ಬಾಗಿಲು ಮುಚ್ಚಿಕೊಂಡು, ಕೆಲವೇ ಜನ. ಕಲಿಸುವವರಿಗೆ ಇದು ಬೇಕಾದ ಮಾತು: ದೊಡ್ಡ ಕ್ಯಾಥೆಡ್ರಲ್ಲಿನ ನಲವತ್ತು ಜನರ ಅಬ್ಬರವನ್ನು ಅನುಕರಿಸಲು ಹೋಗಬೇಡಿ. ಒಂದು ದನಿಗೆ ಒಬ್ಬರೇ ಇದ್ದರೂ ಕೃತಿ ಕುಂದುವುದಿಲ್ಲ.

ಯಾವಾಗ ಶುರುಮಾಡಬೇಕು

ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿಗೆ ಹತ್ತಿಕೊಂಡರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಫೆಬ್ರವರಿ ಕಳೆದಿರುತ್ತದೆ. ತೋಟದ ಕೆಲಸವಿರುವವರನ್ನು ಆ ನಾಲ್ಕು ತಿಂಗಳು ಕರೆಯುವುದು ವ್ಯರ್ಥ. ಬಂದರೂ ದಣಿದು ಬರುತ್ತಾರೆ, ದಣಿದ ಗಂಟಲು ಶ್ರುತಿ ಇಳಿಸುತ್ತದೆ. ಮಾರ್ಚ್ ಎರಡನೇ ವಾರ ಶುರುಮಾಡಿ. ಪಠ್ಯ ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ಪರಮಪ್ರಸಾದಕ್ಕೆ ಸಂಬಂಧಿಸಿದ್ದು, ‘ಗ್ರಾದುವಾಲಿಯಾ’ದಲ್ಲೂ ಅದು ಕೋರ್ಪುಸ್ ಕ್ರಿಸ್ತಿ (ಕ್ರಿಸ್ತನ ಶರೀರದ) ಹಬ್ಬದ ಗೀತೆಗಳ ಜೊತೆ ಇದೆ. ಆ ಹಬ್ಬವನ್ನು ನಮ್ಮ ಚರ್ಚುಗಳಲ್ಲಿ ಆಚರಿಸುವ ಭಾನುವಾರ ಈಸ್ಟರ್ ಆದ ಒಂಬತ್ತನೆಯದು, ಅಂದರೆ ಮೇ 24ರಿಂದ ಜೂನ್ 27ರೊಳಗೆ ಎಲ್ಲೋ ಒಂದು ಕಡೆ ಬೀಳುತ್ತದೆ. ಹನ್ನೆರಡು ವಾರ, ವಾರಕ್ಕೆ ಎರಡು ಸಲ, ಸಲಕ್ಕೆ ಒಂದೂಕಾಲು ಗಂಟೆ. ಈಸ್ಟರ್ ಬೇಗ ಬಂದ ವರ್ಷ ವಾರ ಕಡಿಮೆಯಾಗುತ್ತದೆ, ಆಗ ಮೂರನೇ ದಿನ ಸೇರಿಸಿ. ಒಂದೂಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡಿ. ಈ ಸಂಗೀತದಲ್ಲಿ ದನಿಗಿಂತ ಗಮನ ಬೇಗ ಸೋಲುತ್ತದೆ, ಗಮನ ಸೋತ ಮೇಲೆ ಹಾಡಿದ್ದು ತಪ್ಪಾಗಿಯೇ ನೆನಪಿನಲ್ಲಿ ಕೂರುತ್ತದೆ.

ಹಬ್ಬ ಜೂನಿಗೆ ಬಿದ್ದರೆ ಮುಂಗಾರಿನ ಲೆಕ್ಕವೂ ಇರಲಿ. ಅದರ ಮಾತು ಕೊನೆಗೆ.

ಸ್ವರಪ್ರತಿ, ಜನ, ಶ್ರುತಿ

ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿ ಎಂಬ ಜಾಲತಾಣದಲ್ಲಿ ಪ್ರತಿ ಉಚಿತವಾಗಿ ಸಿಗುತ್ತದೆ. ಹುಡುಕುವಾಗ ಬರ್ಡ್‌ನ ಹೆಸರು ಸೇರಿಸಲೇಬೇಕು. ಇದೇ ಪಠ್ಯಕ್ಕೆ ಮೊಜಾರ್ಟ್ 1791ರಲ್ಲಿ ಸಂಗೀತ ಹಾಕಿದ್ದಾನೆ. ಬರೀ ‘ಆವೆ ವೇರುಮ್’ ಎಂದು ಹುಡುಕಿದರೆ ಅದೇ ಮೊದಲು ಸಿಕ್ಕುತ್ತದೆ, ಅರ್ಧ ಗುಂಪು ಅದನ್ನು ಕೇಳಿ ಕಲಿತು ಬಂದುಬಿಡುತ್ತದೆ. ಬರ್ಡ್‌ನದೇ ಹಲವು ಮುದ್ರಣಗಳಿವೆ. ಒಂದೊಂದರ ಶ್ರುತಿ ಒಂದೊಂದು, ಸ್ವರಗಳ ಕಾಲಪ್ರಮಾಣವನ್ನು ಕೆಲವರು ಅರ್ಧಕ್ಕೆ ಇಳಿಸಿದ್ದಾರೆ. ಎಲ್ಲರಿಗೂ ಒಂದೇ ಮುದ್ರಣ ಕೊಡಿ, ಅದರ ಪುಟಗಳಿಗೆ ಅಂಕಿ ಹಾಕಿಸಿ. ಸಾಲಿನ ಮೇಲೆ ಸಣ್ಣದಾಗಿ ಅಚ್ಚಾದ ಶಾರ್ಪ್ (ಅರ್ಧಸ್ವರ ಏರಿಸುವ), ಫ್ಲ್ಯಾಟ್ (ಅರ್ಧಸ್ವರ ಇಳಿಸುವ) ಗುರುತುಗಳು ಸಂಪಾದಕರು ಸೇರಿಸಿದವು. ಅವನ್ನು ಹಾಡಬೇಕೋ ಬೇಡವೋ ಎಂದು ಮೊದಲ ದಿನವೇ ತೀರ್ಮಾನಿಸಿ ಪೆನ್ಸಿಲ್ಲಿನಲ್ಲಿ ಬರೆಸಿ. ಎಣಿಕೆಯನ್ನು ಸಮಭಾಗ ಮಾಡುವ ನಿಂತ ಗೆರೆಗಳು, ಅಂದರೆ ಬಾರ್ ಗೆರೆಗಳೂ, ಈ ಕಾಲದವರು ಹಾಕಿದವೇ. 1605ರಲ್ಲಿ ಒಂದೊಂದು ದನಿಗೂ ಬೇರೆ ಬೇರೆ ಪುಸ್ತಕ ಅಚ್ಚಾಗುತ್ತಿತ್ತು, ಅವುಗಳಲ್ಲಿ ಬಾರ್ ಗೆರೆಯೇ ಇರಲಿಲ್ಲ. ಆದ್ದರಿಂದ ಗೆರೆಯ ನಂತರದ ಮೊದಲ ಸ್ವರವನ್ನು ಒತ್ತಿ ಹಾಡುವ ಅಭ್ಯಾಸ ಇಲ್ಲಿ ಕೂಡದು. ಒತ್ತು ಬೀಳಬೇಕಾದ್ದು ಪದದ ಮೇಲೆ.

ಹನ್ನೆರಡು ಜನರಾದರೆ ಮೂವರು ಸೊಪ್ರಾನೊ (ಹೆಂಗಸರ ಎತ್ತರದ ದನಿ), ಮೂವರು ಆಲ್ಟೊ (ಅದರ ಕೆಳಗಿನದು), ಮೂವರು ಟೆನರ್ (ಗಂಡಸರ ಎತ್ತರದ ದನಿ), ಮೂವರು ಬೇಸ್ (ಎಲ್ಲಕ್ಕಿಂತ ತಗ್ಗಿನದು). ಸಾಮಾನ್ಯವಾಗಿ ಹೆಂಗಸರು ಹೆಚ್ಚು, ಗಂಡಸರು ಕಡಿಮೆ ಸಿಗುತ್ತಾರೆ. ಆರು ಜನ ಸೊಪ್ರಾನೊ, ಒಬ್ಬನೇ ಬೇಸ್ ಎಂಬ ಸ್ಥಿತಿ ಬಂದರೆ ಸೊಪ್ರಾನೊಗಳಲ್ಲಿ ಮೂವರನ್ನು ಕೂರಿಸುವುದು ಕ್ರೂರ ಎನಿಸಬಹುದು, ಆದರೆ ಬೇಸ್ ಕೇಳದ ಈ ಕೃತಿಗೆ ನೆಲವೇ ಇರುವುದಿಲ್ಲ. ಆ ಮೂವರಿಗೆ ಆಲ್ಟೊ ಕಲಿಸಿ. ಬರ್ಡ್‌ನ ಕಾಲದ ಆಲ್ಟೊ ಗಂಡಸರು ಹಾಡುತ್ತಿದ್ದ ದನಿ, ಹೆಂಗಸರಿಗೆ ಅದು ತಗ್ಗು. ಅಲ್ಲಿ ಜನ ಹೆಚ್ಚಿದ್ದಷ್ಟೂ ಒಳ್ಳೆಯದು. ತೀರಾ ತಗ್ಗಿನ ಜಾಗಗಳಲ್ಲಿ ಒಬ್ಬ ಟೆನರ್ ಆಲ್ಟೊಗಳ ಜೊತೆ ನಿಂತು ಅವರದನ್ನೇ ಹಾಡಿದರೂ ತಪ್ಪಿಲ್ಲ.

ಹೆಚ್ಚಿನ ಪ್ರತಿಗಳು ಜಿ ಮೈನರ್‌ನಲ್ಲಿವೆ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದು. ಆಲ್ಟೊಗಳ ದನಿ ಕೆಳಗೆ ಕಳೆದುಹೋಗುತ್ತಿದ್ದರೆ ಬಿಳಿ ಆರಕ್ಕೆ ಏರಿಸಿ. ಬೇಸ್‌ಗಳಿಗೂ ಅದು ಸುಲಭ, ಸೊಪ್ರಾನೊಗಳ ಮೇಲಿನ ಸ್ವರ ಚೀರಾಗದಿದ್ದರೆ ಸರಿ. ಇಳಿಸಲು ಮಾತ್ರ ಹೋಗಬೇಡಿ, ಆಲ್ಟೊ ಬೇಸ್ ಎರಡೂ ಮಾಯವಾಗುತ್ತವೆ. ಮುಂದಿನ ಸ್ವರದ ಮಾತೆಲ್ಲ ಜಿ ಸ್ವರವೇ ಷಡ್ಜ ಎಂದುಕೊಂಡು ಬರೆದದ್ದು.

ಸ್ವರದ ಹೆಸರಿನಲ್ಲಿ ಒಂದು ಗೊಂದಲ ಮೊದಲ ವಾರದಲ್ಲೇ ಹುಟ್ಟುತ್ತದೆ. ದೊ-ರೆ-ಮಿ ಹೆಸರಿನ ಟಾನಿಕ್ ಸೋಲ್ಫಾ ಕಲಿತವರು ಮೈನರ್ ಶ್ರುತಿಯ ಮೂಲಸ್ವರವನ್ನು ‘ಲಾ’ ಎನ್ನುತ್ತಾರೆ, ಸರಿಗಮದವರು ‘ಸ’ ಎನ್ನುತ್ತಾರೆ. ಒಂದೇ ಕೋಣೆಯಲ್ಲಿ ಎರಡೂ ನಡೆದರೆ ಯಾರು ಯಾವ ಸ್ವರ ಹೇಳುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ಬಹುಮತ ಯಾವುದಕ್ಕಿದೆಯೋ ಅದನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡಿ. ನಮ್ಮ ಕಡೆ ಸರಿಗಮವೇ ಲೇಸು, ಯಾಕೆಂದರೆ ಎರಡು ಗಾಂಧಾರ, ಎರಡು ನಿಷಾದಗಳಿಗೆ ಅಲ್ಲಿ ಆಗಲೇ ಹೆಸರಿದೆ. ಈ ಕೃತಿ ನಿಂತಿರುವುದೇ ಆ ವ್ಯತ್ಯಾಸದ ಮೇಲೆ.

ಪದ: ಕನ್ನಡ ಅಕ್ಷರದಲ್ಲೇ ಬರೆದುಕೊಡಿ

ಲ್ಯಾಟಿನ್ ಪಠ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ಬಾಯಿಗೆ ಇಂಗ್ಲಿಷ್ ಉಚ್ಚಾರ ಬಂದುಬಿಡುತ್ತದೆ. ಕನ್ನಡದಲ್ಲಿ ಬರೆದರೆ ತೊಂದರೆಯಲ್ಲಿ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ಇಟಲಿ ಶೈಲಿಯ ಚರ್ಚ್ ಲ್ಯಾಟಿನ್ ಉಚ್ಚಾರದಲ್ಲಿ ಹೀಗೆ:

ಆವೆ ವೇರುಮ್ ಕೋರ್ಪುಸ್, ನಾತುಮ್ ದೆ ಮರೀಆ ವೀರ್ಜಿನೆ,
ವೇರೆ ಪಾಸ್ಸುಮ್, ಇಮ್ಮೊಲಾತುಮ್ ಇನ್ ಕ್ರೂಚೆ ಪ್ರೊ ಓಮಿನೆ,
ಕೂಯುಸ್ ಲಾತುಸ್ ಪೆರ್ಫೊರಾತುಮ್ ಊಂದಾ ಫ್ಲೂಕ್ಸಿತ್ ಸಾಂಗ್ವಿನೆ,
ಎಸ್ತೊ ನೋಬಿಸ್ ಪ್ರೆಗುಸ್ತಾತುಮ್ ಇನ್ ಮೋರ್ತಿಸ್ ಎಗ್ಸಾಮಿನೆ.
ಓ ದುಲ್ಚಿಸ್, ಓ ಪೀಎ, ಓ ಯೇಸು ಫೀಲಿ ಮರೀಎ,
ಮಿಸೆರೇರೆ ಮೇಇ. ಆಮೆನ್.

ಕನ್ಯೆ ಮರಿಯಳಲ್ಲಿ ಹುಟ್ಟಿದ ನಿಜ ಶರೀರವೇ, ನಿನಗೆ ನಮನ. ಮನುಷ್ಯನಿಗಾಗಿ ಶಿಲುಬೆಯ ಮೇಲೆ ನಿಜವಾಗಿ ನೊಂದೆ, ಬಲಿಯಾದೆ. ಇರಿದ ಪಕ್ಕೆಯಿಂದ ನೀರೂ ನೆತ್ತರೂ ಹರಿಯಿತು. ಸಾವಿನ ಪರೀಕ್ಷೆಯ ಹೊತ್ತಿಗೆ ನಮಗೆ ಮುನ್ನವೇ ದೊರೆತ ಸವಿಯಾಗು. ಇನಿಯನೇ, ಕರುಣಾಳುವೇ, ಮರಿಯಳ ಮಗ ಯೇಸುವೇ, ನನ್ನ ಮೇಲೆ ದಯೆಯಿಡು. ಈ ಅರ್ಥವನ್ನು ಪುಟದ ಕೆಳಗೆ ಬರೆಸಿ. ಮೊದಲೆಲ್ಲ ‘ನಮಗೆ’ ಎಂದಿದ್ದ ಪ್ರಾರ್ಥನೆ ಕೊನೆಗೆ ‘ನನ್ನ ಮೇಲೆ’ ಎಂದು ಒಬ್ಬನದಾಗುತ್ತದೆ. ಬರ್ಡ್ ಅತಿ ಹೆಚ್ಚು ಹೊತ್ತು ನಿಲ್ಲುವುದು ಆ ಮಾತಿನ ಮೇಲೆಯೇ. ಹಾಡುವವರಿಗೆ ಅದು ಗೊತ್ತಿದ್ದರೆ ಆ ಜಾಗ ತಾನಾಗಿ ಮೆದುವಾಗುತ್ತದೆ.

ಮೇಲಿನ ಬರಹದಲ್ಲಿ ಪದದ ಮೊದಲ ದೀರ್ಘ ಇರುವಲ್ಲಿ ಒತ್ತು ಇದೆ ಎಂದು ಹೇಳಿಕೊಡಿ. ಬಿಗಿಯಾಗಿ ಒತ್ತುವುದು ಬೇಡ, ಆ ಅಕ್ಷರಕ್ಕೆ ತುಸು ತೂಕ ಸಾಕು.

ಕನ್ನಡದ ನಾಲಿಗೆ ಎಡವುವ ಜಾಗಗಳು ಕೆಲವೇ, ಆದರೆ ಒಂದೊಂದೂ ಸಭೆಯ ಕೊನೆಯ ಸಾಲಿಗೆ ಕೇಳುತ್ತದೆ. ಎಲ್ಲಕ್ಕಿಂತ ದೊಡ್ಡದು ವ್ಯಂಜನದ ಬಾಲಕ್ಕೆ ಅಂಟಿಕೊಳ್ಳುವ ‘ಉ’. ಬಸ್ಸು, ಪೆನ್ನು, ಕಾರು ಎಂದು ರೂಢಿಯಾದ ಬಾಯಿ ಕೋರ್ಪುಸ್ಸು, ವೇರುಮ್ಮು ಎನ್ನುತ್ತದೆ. ಹನ್ನೆರಡು ಜನರ ಪೈಕಿ ಇಬ್ಬರು ಹಾಗೆ ಹೇಳಿದರೂ ಪ್ರತಿ ಸಾಲಿನ ಕೊನೆಯಲ್ಲಿ ಒಂದು ಹೆಚ್ಚಿನ ಅಕ್ಷರ ನೇತಾಡುತ್ತದೆ. ಪದವನ್ನು ಹಾಡದೆ ಪಿಸುಗುಟ್ಟಿಸಿ. ಪಿಸುಮಾತಿನಲ್ಲಿ ಆ ‘ಉ’ ಯಾರದೆಂದು ಕೂಡಲೇ ತಿಳಿಯುತ್ತದೆ. ಎರಡನೆಯದು ಪದದ ಮೊದಲಿಗೆ ನುಸುಳುವ ‘ಯ’ ಮತ್ತು ‘ವ’. ಎಸ್ತೊ ಎನ್ನುವುದು ಯೆಸ್ತೊ ಆಗುತ್ತದೆ, ಓ ದುಲ್ಚಿಸ್ ಎನ್ನುವುದು ವೋ ದುಲ್ಚಿಸ್ ಆಗುತ್ತದೆ. ‘ಓ ದುಲ್ಚಿಸ್’ ಅಂತೂ ಕೃತಿಯ ಅತಿ ಕೋಮಲವಾದ ಜಾಗ, ಸೊಪ್ರಾನೊಗಳು ಬರಿಯ ‘ಓ’ಯಿಂದಲೇ ಶುರುಮಾಡಬೇಕು. ತುಟಿ ಮೊದಲೇ ದುಂಡಗಾಗಿರಲಿ, ಆಮೇಲೆ ದನಿ ಬಿಡಲಿ. ಹಾಗೆ ಮಾಡಿದರೆ ‘ವ’ ಹುಟ್ಟಲು ಜಾಗವೇ ಇರುವುದಿಲ್ಲ.

ತ, ದ ಎರಡೂ ಹಲ್ಲಿಗೆ ತಾಗುವ ಅಕ್ಷರಗಳೇ. ನಾಟುಮ್, ಡುಲ್ಚಿಸ್ ಎನ್ನುವವರು ಇಂಗ್ಲಿಷ್ ಕಾಗದ ನೋಡಿದವರು, ಅವರ ಕೈಗೆ ಕನ್ನಡ ಹಾಳೆ ಕೊಟ್ಟರೆ ಸಾಕು. ಫ್ಲೂಕ್ಸಿತ್, ಫೀಲಿ, ಪೆರ್ಫೊರಾತುಮ್‌ಗಳ ‘ಫ’ ಕೆಳತುಟಿಗೆ ಮೇಲಿನ ಹಲ್ಲು ತಾಗಿ ಬರಬೇಕು, ಮಹಾಪ್ರಾಣ ಪಕಾರ ಆಗಬಾರದು. ಕೊನೆಯ ‘ಮ್’ ಬೇಗ ಮುಚ್ಚಿದರೆ ಸ್ವರ ಮೂಗಿಗೆ ಹೋಗಿ ಮಂಕಾಗುತ್ತದೆ. ಸ್ವರಾಕ್ಷರವನ್ನು ಪೂರ್ತಿ ಹಿಡಿದು ‘ಮ್’ ಅನ್ನು ಕಟ್ಟಕಡೆಗೆ, ಎಲ್ಲರೂ ಒಟ್ಟಿಗೆ ಮುಚ್ಚಬೇಕು. ‘ಸ್’ ಕೂಡ ಹಾಗೆಯೇ, ಅದಕ್ಕಂತೂ ಕೈಸನ್ನೆ ಬೇಕು.

ಮೊದಲ ಎರಡು ವಾರ: ಅಲುಗದ ಸ್ವರ

ಪಾಠ ಆದವರಿಗೆ ಇದೇ ಕಠಿಣ. ಸಾಧಾರಣ (ತಗ್ಗಿನ) ಗಾಂಧಾರ, ಕೈಶಿಕಿ (ತಗ್ಗಿನ) ನಿಷಾದಗಳನ್ನು ಕಂಪಿತವಿಲ್ಲದೆ, ಅಂದರೆ ಅಲುಗಿಸದೆ, ಹಿಡಿಯಿರಿ ಎಂದರೆ ಅವರಿಗೆ ಸ್ವರ ಬತ್ತಲೆಯಾದಂತೆ ಅನ್ನಿಸುತ್ತದೆ. ಕಾರಣ ಬಿಡಿಸಿ ಹೇಳಿ. ಒಬ್ಬರೇ ಹಾಡುವಾಗ ರಾಗದ ಜೀವ ಗಮಕದಲ್ಲಿದೆ. ಇಲ್ಲಿ ನಾಲ್ಕು ದನಿ ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ಹಿಡಿದಿರುತ್ತವೆ, ಮೇಜರ್ ಮೈನರ್ ಎನ್ನುವ ಬಣ್ಣ ಬರುವುದು ಗಾಂಧಾರ ಎಲ್ಲಿ ನಿಂತಿದೆ ಎಂಬುದರಿಂದ. ಆ ಗಾಂಧಾರ ಅಲುಗಿದರೆ ಉಳಿದ ಮೂವರ ಸ್ವರಕ್ಕೂ ಅರ್ಥ ಹೋಗುತ್ತದೆ. ಜಾರು ಕೂಡ ಬೇಡ. ಒಂದು ಸ್ವರದಿಂದ ಇನ್ನೊಂದಕ್ಕೆ ನೇರ ಕಾಲಿಡಬೇಕು.

ಅಭ್ಯಾಸ ಹೀಗೆ. ತಂಬೂರಿ ಆ್ಯಪನ್ನು ಬಿಳಿ ಐದಕ್ಕೆ, ಸ-ಪ ಶ್ರುತಿಗೆ ಇಡಿ. ಬೇಸ್‌ಗಳು ಸ, ಟೆನರ್‌ಗಳು ಪ, ಸೊಪ್ರಾನೊಗಳು ಮೇಲಿನ ಸ ಹಿಡಿಯಲಿ. ಎಂಟು ಎಣಿಕೆ ಆದ ಮೇಲೆ ಆಲ್ಟೊಗಳು ಆಕಾರದಲ್ಲಿ ಸಾಧಾರಣ ಗಾಂಧಾರ ಸೇರಿಸಲಿ. ಇನ್ನೆಂಟು ಎಣಿಕೆ ಬಿಟ್ಟು ಅದೇ ಆಲ್ಟೊಗಳು ಅದಕ್ಕಿಂತ ಅರ್ಧಸ್ವರ ಮೇಲಿನ ಅಂತರ ಗಾಂಧಾರಕ್ಕೆ ಏರಲಿ. ಬೇರೆಯವರು ಕದಲಬಾರದು. ಆಮೇಲೆ ಗಾಂಧಾರದ ಕೆಲಸವನ್ನು ಇನ್ನೊಂದು ದನಿಗೆ ವಹಿಸಿ. ಹತ್ತು ನಿಮಿಷ, ಪ್ರತಿ ಅಭ್ಯಾಸದ ಮೊದಲಿಗೆ, ಕೊನೆಯ ವಾರದವರೆಗೂ.

ಕೀಬೋರ್ಡ್, ಹಾರ್ಮೋನಿಯಂ ಎರಡನ್ನೂ ಈ ಅಭ್ಯಾಸದಿಂದ ದೂರ ಇಡಿ. ಅವುಗಳ ಅಂತರ ಗಾಂಧಾರ ಶುದ್ಧ ಸ್ಥಾನಕ್ಕಿಂತ ಸುಮಾರು 14 ಸೆಂಟ್ ಮೇಲಿದೆ, ಸಾಧಾರಣ ಗಾಂಧಾರ ಸುಮಾರು 16 ಸೆಂಟ್ ಕೆಳಗಿದೆ. ಒಂದು ಅರ್ಧಸ್ವರ ಎಂದರೆ 100 ಸೆಂಟ್. ಕಿವಿಗೆ ಇದು ಸಣ್ಣ ಅಂತರವಲ್ಲ. ಒಳ್ಳೆಯ ತಂಬೂರಿಯ ಖರಜದ (ಅತಿ ತಗ್ಗಿನ ಷಡ್ಜದ) ತಂತಿಯಿಂದ ಅಂತರ ಗಾಂಧಾರ ತಾನಾಗಿ ಹೊಮ್ಮುತ್ತದೆ. ಅದನ್ನು ಕೇಳಿ ಅಭ್ಯಾಸವಾದವರು ಆಲ್ಟೊದಲ್ಲಿದ್ದರೆ ನಾಲ್ಕು ದನಿ ಕೂಡಿಕೊಳ್ಳುವುದು ಕ್ಷಣದ ಕೆಲಸ. ಪಾಠ ಆದವರನ್ನು ಒಳದನಿಗಳಿಗೆ, ಅಂದರೆ ಆಲ್ಟೊ ಟೆನರ್‌ಗಳಿಗೆ ಹಾಕಬೇಕು ಎನ್ನುವುದು ಇದೇ ಕಾರಣಕ್ಕೆ. ಎಲ್ಲರೂ ಅವರನ್ನು ಸೊಪ್ರಾನೊಗೆ ಕಳಿಸುತ್ತಾರೆ. ಅಲ್ಲಿ ರಾಗ ಸುಲಭ, ಯಾರಾದರೂ ಹಾಡುತ್ತಾರೆ.

ತಂಬೂರಿ ಬೇಕಾಗುವುದು ಈ ಅಭ್ಯಾಸಕ್ಕೆ ಮಾತ್ರ. ಕೃತಿ ಹಾಡುವಾಗ ನಿಲ್ಲಿಸಿ. ಬರ್ಡ್‌ನ ಸಂಗೀತದಲ್ಲಿ ಆಧಾರ ಬೇಸ್ ಜೊತೆ ನಡೆಯುತ್ತಿರುತ್ತದೆ. ಎಫ್ ಮೇಜರ್ ಬಂದ ಕಡೆ ಜಿ ಷಡ್ಜ ಮೊಳಗುತ್ತಿದ್ದರೆ ಹಾಡುವವರು ಆ ಷಡ್ಜಕ್ಕೆ ಹೊಂದಲು ಹೋಗಿ ಸರಿಯಾದ ಸ್ವರವನ್ನೇ ಕೆಡಿಸಿಕೊಳ್ಳುತ್ತಾರೆ.

ಕಾಲಪ್ರಮಾಣಕ್ಕೆ ತಾಳ ಹಾಕಬೇಡಿ. ತಾಳದ ಮೊದಲ ಎಣಿಕೆಗೆ, ಅಂದರೆ ಸಮಕ್ಕೆ, ಒತ್ತು ಕೊಡುವ ರೂಢಿ ಇಲ್ಲಿ ತೊಡಕು. ಕೈಯನ್ನು ನಿಧಾನವಾಗಿ ಇಳಿಸಿ ಏರಿಸಿದರೆ ಸಾಕು, ಆ ಕಾಲದವರೂ ಹಾಗೇ ಮಾಡುತ್ತಿದ್ದರು. ಒಟ್ಟು ಮೂರೂವರೆಯಿಂದ ನಾಲ್ಕೂವರೆ ನಿಮಿಷಕ್ಕೆ ಮುಗಿಯುವ ಗತಿ ಹಿಡಿಯಿರಿ. ಐದು ದಾಟಿತೆಂದರೆ ಉಸಿರು ಸಾಲದೆ ಶ್ರುತಿ ಇಳಿಯುತ್ತದೆ.

ಕೊನೆಯಿಂದ ಕಲಿಸಿ

‘ಓ ದುಲ್ಚಿಸ್’ನಿಂದ ‘ಮೇಇ’ವರೆಗಿನ ಭಾಗ ಎರಡು ಸಲ ಬರುತ್ತದೆ, ಅದರ ಬೆನ್ನಿಗೆ ಆಮೆನ್. ಹಾಡುವ ಹೊತ್ತಿನ ದೊಡ್ಡ ಪಾಲು ಅಲ್ಲೇ ಇದೆ, ಕಷ್ಟವೂ ಅಲ್ಲೇ. ಆದ್ದರಿಂದ ಮೂರನೇ ವಾರ ಅಲ್ಲಿಂದಲೇ ಶುರುಮಾಡಿ. ಮೊದಲಿನಿಂದ ಕಲಿಸಿದರೆ ‘ಆವೆ ವೇರುಮ್’ ಬಾಯಿಪಾಠವಾಗಿ ‘ಮಿಸೆರೇರೆ’ ಕೊನೆಯವರೆಗೂ ಅನುಮಾನದಲ್ಲೇ ಉಳಿಯುತ್ತದೆ.

‘ಓ ದುಲ್ಚಿಸ್’ ಎಂದು ಸೊಪ್ರಾನೊ ಕರೆಯುತ್ತದೆ, ಕೆಳಗಿನ ಮೂರು ದನಿ ಒಟ್ಟಾಗಿ ಉತ್ತರ ಕೊಡುತ್ತವೆ. ‘ಓ ಪೀಎ’ಗೂ ಹಾಗೆಯೇ. ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುವ ರೂಢಿ ಇರುವುದರಿಂದ ಇದು ಬೇಗ ಬರುತ್ತದೆ, ತಪ್ಪೂ ಅಲ್ಲಿಂದಲೇ ಬರುತ್ತದೆ. ಉತ್ತರಿಸುವವರು ಜೋರಾಗಿಬಿಡುತ್ತಾರೆ. ಮೂವರೂ ಸೇರಿ ಒಬ್ಬರ ಮಟ್ಟಕ್ಕೆ ಇಳಿಯಬೇಕು. ಅವರ ಸ್ವರವೂ ಸೊಪ್ರಾನೊದ ನಕಲಲ್ಲ, ಬೇರೆಯೇ ಇದೆ. ಸೊಪ್ರಾನೊ ಬಿಟ್ಟು ಬರೀ ಮೂರು ದನಿಯನ್ನು ಒಂದು ಪೂರ್ತಿ ಅಭ್ಯಾಸ ಹಾಡಿಸಿ.

‘ಮಿಸೆರೇರೆ ಮೇಇ’ಯಲ್ಲಿ ಪ್ರತಿ ದನಿಯೂ ಬೇರೆ ಬೇರೆ ಹೊತ್ತಿಗೆ ಅದೇ ಮಾತು ಎತ್ತುತ್ತದೆ. ಇಲ್ಲಿ ಎರಡು ಕಡೆ ಕೆಡುತ್ತದೆ. ಒಂದು, ತನ್ನ ಸರದಿ ಬಂತೆಂದು ಪ್ರತಿಯೊಬ್ಬರೂ ಜೋರಾಗುತ್ತ ಹೋಗಿ ಎಂಟು ಎಣಿಕೆಯೊಳಗೆ ಗದ್ದಲವಾಗುತ್ತದೆ. ‘ಮಿಸೆರೇರೆ’ ಎತ್ತುವವರು ಕೇಳಿಸಬೇಕು, ‘ಮೇಇ’ಗೆ ಬಂದವರು ತಗ್ಗಬೇಕು, ಈ ನಿಯಮ ಪೆನ್ಸಿಲ್ಲಿನಲ್ಲಿ ಎಲ್ಲರ ಹಾಳೆಯ ಮೇಲೂ ಇರಲಿ. ಎರಡನೆಯದು ಇನ್ನೂ ಸೂಕ್ಷ್ಮ. ಒಂದು ದನಿ ಹಳೆಯ ಸ್ವರವನ್ನು ಹಿಡಿದೇ ಇರುತ್ತದೆ, ಉಳಿದವು ಮುಂದೆ ಹೋಗುತ್ತವೆ. ಕ್ಷಣಕಾಲ ಸ್ವರಗಳು ತಿಕ್ಕುತ್ತವೆ, ಆಮೇಲೆ ಹಿಡಿದ ದನಿ ಒಂದು ಮೆಟ್ಟಿಲು ಇಳಿದು ಹೊಂದಿಕೊಳ್ಳುತ್ತದೆ. ಕೃತಿಯ ನೋವೆಲ್ಲ ಆ ತಿಕ್ಕಾಟದಲ್ಲಿದೆ. ಹೊಸಬರು ತಿಕ್ಕಾಟ ಕೇಳಿದ ಕೂಡಲೇ ತಾವೇ ತಪ್ಪಿದೆವೆಂದು ಹೆದರಿ ಬೇಗ ಇಳಿದುಬಿಡುತ್ತಾರೆ. ಆ ಜಾಗಗಳನ್ನು ಹುಡುಕಿ ಹಿಡಿದ ದನಿಗೆ ಬಾಣದ ಗುರುತು ಹಾಕಿ. ತಿಕ್ಕುವ ಎರಡೇ ದನಿಗಳನ್ನು ಎದುರುಬದುರು ನಿಲ್ಲಿಸಿ ಆ ಕ್ಷಣದಲ್ಲೇ ನಾಲ್ಕು ಎಣಿಕೆ ತಡೆದು ಹಾಡಿಸಿ. ಕಿವಿ ಒಮ್ಮೆ ಅದಕ್ಕೆ ಒಗ್ಗಿದರೆ ಮತ್ತೆ ಹೆದರುವುದಿಲ್ಲ. ತಿಕ್ಕಾಟದ ಮೇಲೆ ತುಸು ತೂಕ, ಇಳಿದ ಸ್ವರದ ಮೇಲೆ ಹಗುರ.

ಉಸಿರು ಎಲ್ಲರೂ ಒಟ್ಟಿಗೆ ತೆಗೆದುಕೊಂಡರೆ ಸಾಲು ಕತ್ತರಿಸುತ್ತದೆ. ಒಂದೇ ದನಿಯ ಮೂವರು ಬೇರೆ ಬೇರೆ ಜಾಗದಲ್ಲಿ, ಪದದ ನಡುವೆ ಬೇಕಾದರೂ, ಸದ್ದಿಲ್ಲದೆ ಉಸಿರು ತೆಗೆದು ಮೆಲ್ಲಗೆ ಮತ್ತೆ ಸೇರಿಕೊಳ್ಳಲಿ. ಯಾರದು ಎಲ್ಲಿ ಎಂದು ಹಾಳೆಯಲ್ಲಿ ಹೆಸರಿನ ಮೊದಲಕ್ಷರ ಬರೆದುಕೊಳ್ಳಬೇಕು.

ಎರಡು ನಿಷಾದ

ಏಳನೇ ವಾರದ ಹೊತ್ತಿಗೆ ಮೊದಲ ಸಾಲಿಗೆ ಬನ್ನಿ. ‘ಆವೆ ವೇರುಮ್ ಕೋರ್ಪುಸ್’ ಎಂದು ನಾಲ್ಕೂ ದನಿ ಒಟ್ಟಿಗೆ ಹೇಳುತ್ತವೆ, ಕೇಳಲು ಸರಳ. ಆದರೆ ಅಲ್ಲಿ ಸೊಪ್ರಾನೊ ಎಫ್ ಶಾರ್ಪ್ ಹಾಡಿದ ಬೆನ್ನಿಗೇ ಬೇಸ್ ಬರಿಯ ಎಫ್ ಹಾಡುತ್ತದೆ. ನಮ್ಮ ಲೆಕ್ಕದಲ್ಲಿ ಮೇಲೆ ಕಾಕಲಿ ನಿಷಾದ, ಮರುಗಳಿಗೆ ಕೆಳಗೆ ಕೈಶಿಕಿ ನಿಷಾದ. ‘ವೇರುಮ್’, ನಿಜವಾದ, ಎನ್ನುವ ಮಾತಿಗೇ ಈ ಎದುರಾಟ ಬೀಳುತ್ತದೆ. ಕ್ರಿಸ್ತನ ಶರೀರ ಪ್ರಸಾದದಲ್ಲಿ ನಿಜವಾಗಿ ಇದೆಯೇ ಎಂಬುದು ಆ ಕಾಲದ ಕ್ಯಾಥೊಲಿಕ್ ಪ್ರೊಟೆಸ್ಟೆಂಟ್ ಜಗಳದ ನಡುಗಂಬವಾಗಿತ್ತು. ಆ ಒಂದು ಪದವನ್ನು ಬರ್ಡ್ ಹೀಗೆ ಎತ್ತಿ ತೋರಿಸಿದ್ದಾನೆ.

ಒಂದೇ ರಾಗದಲ್ಲಿ ಎರಡು ನಿಷಾದ ಬರುವುದು ನಮಗೆ ಹೊಸದೇನಲ್ಲ. ಕಾಂಬೋಧಿಯಲ್ಲಿ ಕೈಶಿಕಿಯ ನಡುವೆ ಕಾಕಲಿ ಇಣುಕುತ್ತದೆ. ಇಲ್ಲಿ ಅವೆರಡನ್ನೂ ಹಾಡುವವರು ಬೇರೆ ಬೇರೆ ಜನ, ತೊಂದರೆ ಅದೇ. ಬೇಸ್‌ಗಳ ಕಿವಿಯಲ್ಲಿ ಸೊಪ್ರಾನೊದ ಕಾಕಲಿ ಇನ್ನೂ ಇರುವುದರಿಂದ ಅವರ ನಿಷಾದ ಏರಿ, ಎರಡರ ನಡುವಿನ ಯಾವುದೋ ಸ್ವರ ಬರುತ್ತದೆ. ಸೊಪ್ರಾನೊಗಳಿಗೆ ಕೆಳಗಿನ ಎಫ್ ಮೊದಲೇ ನೆನಪಾಗಿ ಅವರ ಕಾಕಲಿ ಇಳಿಯುತ್ತದೆ. ಆಗ ಆ ಜಾಗ ಬೇಸೂರಾಗಿ ಕೇಳುತ್ತದೆ, ಅಚ್ಚಿನ ತಪ್ಪೆಂದು ಯಾರಾದರೂ ಕಾಗದ ತಿದ್ದಲೂ ಮುಂದಾಗುತ್ತಾರೆ. ತಿದ್ದಬೇಡಿ.

ಮೊದಲು ಸೊಪ್ರಾನೊ ಬಿಟ್ಟು ಮೂರು ದನಿ ಹಾಡಲಿ, ಬೇಸ್‌ಗೆ ತನ್ನ ಎಫ್ ಗಟ್ಟಿಯಾಗುತ್ತದೆ. ಆಮೇಲೆ ಸೊಪ್ರಾನೊಗಳು ಬಾಯಿ ಮುಚ್ಚಿ ಗುನುಗಲಿ. ಬೇಸ್ ಕದಲಲಿಲ್ಲವೆಂದರೆ ಪೂರ್ತಿ ದನಿಯಲ್ಲಿ ಹಾಡಿಸಿ. ಎರಡು ಸ್ವರವೂ ಅಳುಕದೆ, ನೇರವಾಗಿ ಬಂದ ದಿನ ಗುಂಪಿಗೇ ತಿಳಿಯುತ್ತದೆ, ಯಾರೂ ಹೇಳಬೇಕಾಗಿಲ್ಲ. ಇಂಥ ಎದುರಾಟ ಆ ಕಾಲದ ಇಂಗ್ಲಿಷ್ ಸಂಗೀತದ ಗುರುತು. ಒಮ್ಮೆ ರುಚಿ ಹತ್ತಿದರೆ ಟ್ಯಾಲಿಸ್‌ನಲ್ಲೂ ಹುಡುಕಿಕೊಂಡು ಹೋಗುತ್ತಾರೆ.

‘ನಾತುಮ್’ನಿಂದ ‘ಎಗ್ಸಾಮಿನೆ’ವರೆಗಿನ ನಡುಭಾಗ ಅಷ್ಟು ಕಾಡುವುದಿಲ್ಲ. ಎರಡು ಮೂರು ವಾರದಲ್ಲಿ ಕೂರುತ್ತದೆ. ಮನೆ ಅಭ್ಯಾಸಕ್ಕೆ ಪ್ರತಿ ದನಿಗೂ ಒಂದು ರೆಕಾರ್ಡಿಂಗ್ ಮಾಡಿ ಮೊಬೈಲಿಗೆ ಕಳಿಸಿ: ಅವರ ಸಾಲು ಮುಂದೆ, ಉಳಿದ ಮೂರು ಹಿಂದೆ ಮೆಲ್ಲಗೆ. ಬರೀ ಅವರ ಸಾಲನ್ನು ಕಳಿಸಿದರೆ ಒಂಟಿಯಾಗಿ ಚೆನ್ನಾಗಿ ಹಾಡಿ, ಗುಂಪಿನಲ್ಲಿ ಕಳೆದುಹೋಗುತ್ತಾರೆ.

ಆಮೆನ್‌ನ ಕೊನೆಯ ಸ್ವರಮೇಳ ಜಿ ಮೇಜರ್. ಇಷ್ಟು ಹೊತ್ತೂ ಆಳಿದ ಸಾಧಾರಣ ಗಾಂಧಾರ ಅಲ್ಲಿ ಅಂತರ ಗಾಂಧಾರವಾಗುತ್ತದೆ. ಅದು ಯಾವ ದನಿಯ ಪಾಲಿಗೆ ಬಂದಿದೆಯೋ ಅವರು ಸಂಭ್ರಮದಿಂದ ಎತ್ತರಿಸಿ ಹಾಡುತ್ತಾರೆ, ಮೇಳ ಕರ್ಕಶವಾಗುತ್ತದೆ. ತಂಬೂರಿಯಲ್ಲಿ ಕೇಳಿದ ಜಾಗಕ್ಕೇ, ಮೆಲ್ಲಗೆ ಇಡಬೇಕು.

ಶ್ರುತಿ ಇಳಿಯುವುದು

ವಾದ್ಯವಿಲ್ಲದೆ ನಾಲ್ಕು ನಿಮಿಷ ಹಾಡಿದ ಮೇಲೆ ಅರ್ಧಸ್ವರ ಇಳಿದಿರುವುದು ಸಾಮಾನ್ಯ. ಎ ಸ್ವರವನ್ನು (440 ಹರ್ಟ್ಸ್) ಕೊಡುವ ಟ್ಯೂನಿಂಗ್ ಫೋರ್ಕ್ ಒಂದು ಕೊಳ್ಳಿ. ಕರೆಂಟು ಹೋದರೂ, ಮೊಬೈಲ್ ಸತ್ತರೂ ಅದು ಕೆಲಸ ಮಾಡುತ್ತದೆ. ಜಿ ಅದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ. ‘ಎಗ್ಸಾಮಿನೆ’ ಮುಗಿದಲ್ಲಿ ಒಮ್ಮೆ, ಎರಡನೇ ‘ಓ ದುಲ್ಚಿಸ್’ಗೆ ಮುಂಚೆ ಒಮ್ಮೆ, ಕೊನೆಗೆ ಒಮ್ಮೆ ನೋಡಿದರೆ ಎಲ್ಲಿ ಜಾರಿತೆಂದು ಸಿಗುತ್ತದೆ. ಹೆಚ್ಚಾಗಿ ಕಾರಣ ಮೂರರಲ್ಲಿ ಒಂದು: ಇಳಿಯುವ ಮೆಟ್ಟಿಲುಗಳನ್ನು ಅಗಲವಾಗಿ ಇಳಿಯುವುದು, ಕಾಕಲಿ ನಿಷಾದವನ್ನು ತಗ್ಗಿ ಹಾಡುವುದು, ಒಂದೇ ಸ್ವರ ಮರುಕಳಿಸುವಾಗ ಪ್ರತಿ ಸಲ ಕೂದಲೆಳೆಯಷ್ಟು ಕೆಳಗಿಡುವುದು. ಮೂರನೆಯದು ಟೆನರ್‌ಗಳಲ್ಲಿ ಹೆಚ್ಚು ಕಾಣುತ್ತದೆ. ಶ್ರುತಿ ಇಳಿಯುತ್ತದೆಂದು ಅರ್ಧಸ್ವರ ಏರಿಸಿ ಶುರುಮಾಡುವುದರಿಂದ ಏನೂ ಸರಿಹೋಗುವುದಿಲ್ಲ.

ಹಾಡುವ ಜಾಗ

ಕಲ್ಲಿನ ಗೋಡೆ, ಎತ್ತರದ ಛಾವಣಿ ಇರುವ ಚರ್ಚೇ ಈ ಕೃತಿಗೆ ಹೇಳಿಮಾಡಿಸಿದ್ದು. ದನಿ ಒಂದೆರಡು ಸೆಕೆಂಡ್ ಉಳಿದರೆ ಸಾಕು. ಕುವೆಂಪು ಕಲಾಮಂದಿರ, ಹಾಸನಾಂಬ ಕಲಾಕ್ಷೇತ್ರದಂಥ ಸಭಾಂಗಣದಲ್ಲಿ ಹಾಡಬೇಕಾಗಿ ಬಂದರೆ ಒಬ್ಬೊಬ್ಬರಿಗೆ ಒಂದೊಂದು ಮೈಕು ಕೊಡಲು ಬಿಡಬೇಡಿ. ಎರಡು ಮೈಕುಗಳನ್ನು ಎರಡು ಮೀಟರ್ ದೂರದಲ್ಲಿ, ತಲೆಗಿಂತ ಎತ್ತರಕ್ಕೆ ಇಡಿಸಿ. ಎಕೋ ಹಾಕಬೇಡಿ ಎಂದು ಧ್ವನಿವರ್ಧಕದವರಿಗೆ ಮೊದಲೇ ಹೇಳಿ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನಲ್ಲಿ ಹಾಡುವ ಆಸೆ ಎಲ್ಲ ಗುಂಪಿಗೂ ಹುಟ್ಟುತ್ತದೆ. ಫೋಟೋಗೆ ಸುಂದರ ನಿಜ, ಆದರೆ ಛಾವಣಿಯಿಲ್ಲದ ಕಡೆ ದನಿ ಮೇಲೆ ಹೋಗಿಬಿಡುತ್ತದೆ, ಪಕ್ಕದವರ ಸ್ವರ ಕೇಳುವುದಿಲ್ಲ. ಇಷ್ಟು ಸೂಕ್ಷ್ಮದ ಕೃತಿ ಅಲ್ಲಿ ನಿಲ್ಲದು, ಗೋಡೆಗಳೂ ಶಿಥಿಲವಾಗಿವೆ.

ನಿಲ್ಲುವಾಗ ಅರ್ಧಚಂದ್ರಾಕಾರ, ಬೇಸ್ ನಡುವೆ ಹಿಂದೆ, ಎಲ್ಲರಿಗೂ ಕೇಳುವಂತೆ. ಪಾಠ ಗಟ್ಟಿಯಾದ ಮೇಲೆ ನಾಲ್ಕು ದನಿಯನ್ನೂ ಬೆರೆಸಿ, ಒಂದೇ ದನಿಯ ಇಬ್ಬರು ಅಕ್ಕಪಕ್ಕ ಬರದಂತೆ ನಿಲ್ಲಿಸಿ ಹಾಡಿಸಿ. ಅಲ್ಲಿ ತಪ್ಪದೆ ಹಾಡಿದವರು ಎಲ್ಲಿ ಬೇಕಾದರೂ ಹಾಡುತ್ತಾರೆ.

ಪೂಜೆಯಲ್ಲಿ ಇದರ ಜಾಗ ಪ್ರಸಾದ ಸ್ವೀಕಾರದ ಹೊತ್ತು. ಪಾದ್ರಿಗಳಿಗೆ ನಾಲ್ಕು ನಿಮಿಷ ಬೇಕೆಂದು ವಾರ ಮುಂಚೆಯೇ ತಿಳಿಸಿ. ಶೀಟಿನ ಛಾವಣಿಯ ಚರ್ಚಾದರೆ, ಹಬ್ಬ ಜೂನಿನಲ್ಲಿದ್ದರೆ, ಮಳೆ ಶುರುವಾದ ಕ್ಷಣ ಒಳದನಿಗಳು ಅಳಿಸಿಹೋಗುತ್ತವೆ, ಹಾಡುವವರು ಗೊತ್ತಿಲ್ಲದೆ ಕಿರುಚತೊಡಗುತ್ತಾರೆ. ಕೊನೆಯ ಎರಡು ಅಭ್ಯಾಸಗಳಲ್ಲಿ ಮೊಬೈಲಿನಿಂದ ಮಳೆಯ ಸದ್ದು ಜೋರಾಗಿ ಹಾಕಿ, ದನಿ ಏರಿಸದೆ ಕೈಸನ್ನೆ ನೋಡಿಕೊಂಡೇ ಹಾಡುವುದನ್ನು ರೂಢಿಮಾಡಿಸಿ. ಆ ದಿನ ಮಳೆ ನಿಜಕ್ಕೂ ಧಾರಾಕಾರವಾದರೆ ‘ಓ ದುಲ್ಚಿಸ್’ನ ಮರುಕಳಿಕೆ ಬಿಟ್ಟು ನೇರ ಆಮೆನ್‌ಗೆ ಹೋಗುವ ಸನ್ನೆಯೊಂದನ್ನು ಮೊದಲೇ ಗೊತ್ತುಮಾಡಿಕೊಂಡಿರಿ.